ಗೋಡೆ ಯಾಕೆ ಬೀಳಲಿಲ್ಲ?

ಗಾಥಿಕ್ ಶೈಲಿ ಎಂದರೆ ಚೂಪು ಕಮಾನು, ಬಣ್ಣದ ಗಾಜು, ಎತ್ತರದ ಗೋಪುರ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಇಷ್ಟಕ್ಕೇ ಅರ್ಥ ಸಿಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಫ್ರಾನ್ಸಿನ ಶಾರ್ತ್ರ್ ಪಟ್ಟಣದ ಕೆಥೆಡ್ರಲನ್ನೇ ನೋಡಿ. 1194ರಲ್ಲಿ ಹಳೆಯದರ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಹೊಸದಕ್ಕೆ 1260ರಲ್ಲಿ ಪ್ರತಿಷ್ಠೆಯಾಯಿತು. ಸುಮಾರು 37 ಮೀಟರ್ ಎತ್ತರದ ಕಲ್ಲಿನ ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಹಿಂದಿನವರು ಇದನ್ನು ತಡೆಯಲು ಗೋಡೆ ದಪ್ಪ ಮಾಡಿ, ಕಿಟಕಿ ಸಣ್ಣದಾಗಿಸಿದ್ದರು, ಒಳಗೆ ಕತ್ತಲು. ಇಲ್ಲಿ ಚೂಪು ಕಮಾನು ಆ ಒತ್ತಡವನ್ನು ತಗ್ಗಿಸಿತು. ಉಳಿದದ್ದನ್ನು ಹೊರಗೆ ಊರುಗೋಲಿನಂತೆ ನಿಂತ ಕಲ್ಲಿನ ಆನಿಕೆಗಳು ಹೊತ್ತವು. ಗೋಡೆಯ ಹೊರೆ ಇಳಿಯಿತು, ಗೋಡೆ ಇದ್ದಲ್ಲಿ ಗಾಜು ಬಂತು.

ಆ ಕಾಲದ ಕ್ರೈಸ್ತರಿಗೆ ಬೆಳಕೆಂದರೆ ದೇವರ ಸಂಕೇತ. ಕಿಟಕಿಗಳಲ್ಲಿ ಬೈಬಲಿನ ಕಥೆಗಳಿವೆ, ಸಂತರಿದ್ದಾರೆ. ಅವರ ಜೊತೆಗೇ ರೊಟ್ಟಿ ಮಾಡುವವರು, ಚಪ್ಪಲಿ ಹೊಲಿಯುವವರು, ಬಡಗಿಗಳೂ ಇದ್ದಾರೆ. ಪಶ್ಚಿಮದ ಬಾಗಿಲಲ್ಲಿ ವ್ಯಾಕರಣವೂ ಒಂದು ಹೆಣ್ಣಿನ ರೂಪದಲ್ಲಿದೆ: ಕೈಯಲ್ಲಿ ಬೆತ್ತ, ಕಾಲ ಬಳಿ ಇಬ್ಬರು ಹುಡುಗರು! ನಮ್ಮಂಥ ಮೇಷ್ಟ್ರುಗಳಿಗೆ ನಗು ಬರದೆ ಇರದು.

ಇಂಥ ಕಟ್ಟಡಗಳನ್ನು ಓದು ಬಾರದವರ ಪುಸ್ತಕ ಎನ್ನುವುದುಂಟು. ಅದು ಅರ್ಧ ಮಾತು. ಕಲ್ಲುಕುಟಿಗರ ಲೆಕ್ಕಾಚಾರ ತಪ್ಪಿದ್ದರೆ ಆ ಪುಸ್ತಕಕ್ಕೆ ಹಾಳೆಗಳೇ ಇರುತ್ತಿರಲಿಲ್ಲ. ಆದ್ದರಿಂದ ತರಗತಿಯಲ್ಲಿ ಸಂಕೇತಗಳ ಪಟ್ಟಿಗಿಂತ ಮೊದಲು 'ಈ ಗೋಡೆ ಯಾಕೆ ಬೀಳಲಿಲ್ಲ?' ಎಂದು ಕೇಳೋಣ. ಅದು ತಿಳಿದ ಮಗುವಿಗೆ ಬೆಳಕಿನ ಅರ್ಥವನ್ನು ಬಾಯಿಪಾಠ ಮಾಡಿಸಬೇಕಿಲ್ಲ. ನೀವೇನಂತೀರಿ?