ದುಡಿಯುವ ಮೈ, ಕುಗ್ಗಿದ ಮನಸ್ಸು

ಮನಸ್ಸಿನ ಖಿನ್ನತೆಗೆ ವ್ಯಾಯಾಮವು ಹಿತಕರವೆಂದು ವೈದ್ಯರು ಹೇಳುತ್ತ ಬಂದಿದ್ದಾರೆ. ಶಹಾಬಾದಿನ ಗಣಿಯಲ್ಲಿ ಬೆಳಗಿನಿಂದ ಬೈಗಿನವರೆಗೆ ಕಲ್ಲುಚಪ್ಪಡಿ ಎತ್ತುವ ಕೂಲಿಕಾರನಿಗೆ ಈ ಉಪದೇಶ ಮಾಡಿದರೆ ಅವನು ನಗದೆ ಇರಲಾರನು. ಚಿಂಚೋಳಿಯ ತೊಗರಿ ಹೊಲದಲ್ಲಿ ಕಳೆ ತೆಗೆದು, ಮನೆಗೆ ಬಂದು ನೀರು ಹೊತ್ತು, ರೊಟ್ಟಿ ಬಡಿಯುವ ತಾಯಿಗೆ ನಗುವ ತ್ರಾಣವೂ ಉಳಿದಿರುವುದಿಲ್ಲ. ದಿನವಿಡೀ ಮೈ ದಣಿಸುವವರಿಗೆ ಇನ್ನೆಂಥ ವ್ಯಾಯಾಮ? ಈ ಪ್ರಶ್ನೆಗೆ ಉತ್ತರ ಹೇಳದೆ ಕೊಡುವ ಉಪದೇಶವು ನಮ್ಮ ಸೇಡಂ, ಚಿತ್ತಾಪುರ, ವಾಡಿಗಳ ಜನಕ್ಕೆ ಉಪಯೋಗಕ್ಕೆ ಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಯನ್ನು ಆಧರಿಸಿ, 36 ಬಡ ಹಾಗೂ ಮಧ್ಯಮ ಆದಾಯದ ದೇಶಗಳ ಸುಮಾರು 1,78,000 ಜನರ ಸ್ಥಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಖಿನ್ನತೆಯುಳ್ಳವರಲ್ಲಿ ದೇಹಚಟುವಟಿಕೆ ಕಡಿಮೆಯಾದವರ ಪ್ರಮಾಣವು ಉಳಿದವರಿಗಿಂತ ಹೆಚ್ಚೆಂದು ಅದರಲ್ಲಿ ಕಂಡುಬಂದಿತು. ಮೈನೋವು, ನಿದ್ರಾಭಂಗ, ನಡೆದಾಡುವ ತೊಂದರೆ ಇವೂ ಅದರೊಡನೆ ಹೆಣೆದುಕೊಂಡಿದ್ದವು. ಯಾವುದು ಕಾರಣ, ಯಾವುದು ಪರಿಣಾಮವೆಂಬುದನ್ನು ಆ ಅಧ್ಯಯನವು ತೀರ್ಮಾನಿಸಲಿಲ್ಲ. ಆದರೆ ನಮಗೆ ಒಂದು ಪಾಠವಂತೂ ಅದರಲ್ಲಿದೆ. ಮೂಲೆ ಹಿಡಿದು ಕುಳಿತವನನ್ನು ಮೈಗಳ್ಳನೆಂದು ಜರೆಯುವುದು, "ಎದ್ದು ನಾಲ್ಕು ಕೆಲಸ ಮಾಡು, ಎಲ್ಲವೂ ನೆಟ್ಟಗಾಗುತ್ತದೆ" ಎನ್ನುವುದು ನಮ್ಮ ಮನೆಮನೆಯ ರೂಢಿ. ಏಳುವ ಬಲವನ್ನೇ ಕಸಿದುಕೊಳ್ಳುವ ವ್ಯಾಧಿ ಇದು. ಕಾಲು ಮುರಿದವನಿಗೆ ಓಡೆಂದು ಹೇಳುವುದು ಔಷಧವಾಗಲಾರದು.

ಇನ್ನು ದುಡಿಮೆಯ ಮಾತು. ಹೊಟ್ಟೆಯ ಪಾಡಿಗಾಗಿ, ಧೂಳಿನಲ್ಲಿ, ಸಾಲದ ಚಿಂತೆಯೊಡನೆ, ಇನ್ನೊಬ್ಬರ ಗಡಿಯಾರಕ್ಕೆ ಅಧೀನವಾಗಿ ಮಾಡುವ ಶ್ರಮವು ಮೈಯನ್ನು ಸವೆಸುತ್ತದೆ, ಮನಸ್ಸನ್ನು ಅರಳಿಸುವುದಿಲ್ಲ. ತನ್ನಿಚ್ಛೆಯಿಂದ, ಜೊತೆಗಾರರ ಸಂಗಡ, ಬಿಡುವಿನಲ್ಲಿ ಆಡಿದ ಆಟ, ನಡೆದ ನಡಿಗೆಗಳ ಗುಣವೇ ಬೇರೆ. ಗರಡಿ, ಕಬಡ್ಡಿ, ಕೋಲಾಟಗಳನ್ನು ಬಲ್ಲ ನಾಡಿಗೆ ಇದನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಬಡವನಿಗೆ ಕೊರತೆಯಾಗಿರುವುದು ಶ್ರಮವಲ್ಲ, ಬಿಡುವು.

ಪಕ್ಕದ ಗೋವೆಯಲ್ಲಿ ನಡೆದ ಒಂದು ಪ್ರಯೋಗವು ಮನನೀಯವಾಗಿದೆ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಜನರನ್ನು ಆರಿಸಿಕೊಂಡರು. ಅವರಲ್ಲಿ ಅರ್ಧದಷ್ಟು ಜನರಿಗೆ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಆರೆಂಟು ಸಲ ಭೇಟಿಯಿತ್ತು, ಬಿಟ್ಟುಹೋದ ಹಿತಕರ ಚಟುವಟಿಕೆಗಳನ್ನು ಮೆಲ್ಲಮೆಲ್ಲನೆ ಮತ್ತೆ ಆರಂಭಿಸಲು ನೆರವಾದರು. ಮೂರು ತಿಂಗಳಲ್ಲಿ ಇವರ ಪೈಕಿ ಶೇಕಡಾ 64 ಮಂದಿ ಚೇತರಿಸಿಕೊಂಡರು. ವಾಡಿಕೆಯ ಆರೈಕೆ ಮಾತ್ರ ದೊರೆತವರಲ್ಲಿ ಶೇಕಡಾ 39 ಮಂದಿ. ಗುಣ ಕೊಟ್ಟದ್ದು ಉಪದೇಶವಲ್ಲ, ಒಡನಾಟ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 20 ಜನರಿಗೊಬ್ಬರು ಖಿನ್ನತೆಗೆ ತುತ್ತಾಗುತ್ತಾರೆ. ಬಹುಪಾಲು ಜನಕ್ಕೆ ಚಿಕಿತ್ಸೆಯಿಲ್ಲ. ಜಿಲ್ಲೆಯ ಮಟ್ಟದಲ್ಲಿ ಮನೋವೈದ್ಯವನ್ನು ನಡೆಸಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟುದು ನಿಮ್ಹಾನ್ಸ್ ಸಂಸ್ಥೆಯು ನಮ್ಮ ಬಳ್ಳಾರಿಯಲ್ಲಿ ಮಾಡಿದ ಕಾರ್ಯವೇ. ಆ ಮೇಲ್ಪಂಕ್ತಿ ಕಾಗಿಣೆಯ ದಂಡೆಗೂ ಪೂರ್ಣವಾಗಿ ಬರಲಿ.

ನಾವು ಕೇಳುವುದು ಮೂರು. ಆಶಾ ಕಾರ್ಯಕರ್ತೆಯರಿಗೆ ತಕ್ಕ ಸಂಬಳವಿತ್ತು, ಗೋವೆಯ ರೀತಿಯ ತರಬೇತಿಯನ್ನು ಸರಕಾರವು ಕೊಡಿಸಲಿ. ಊರೂರಿಗೆ ಒಂದು ಬಯಲು, ಹೆಂಗಸರು ನಿರ್ಭಯವಾಗಿ ನಡೆದಾಡಲು ದೀಪವಿರುವ ಒಂದು ದಾರಿ ಆಗಲಿ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು ವಿಧಿಸಿದೆ; ನಮ್ಮ ನೆಲದ ಸುಣ್ಣಕಲ್ಲಿನಿಂದ ಸಿಮೆಂಟು ಮಾಡುವ ಕಾರ್ಖಾನೆಗಳು ಇದಕ್ಕೆ ಕೈ ನೀಡಲಿ. ಗಣಿ, ಗಿರಣಿಗಳ ಒಡೆಯರು ಆಳಿಗೆ ವಾರದ ರಜೆಯನ್ನು ಕೂಲಿ ಕಡಿಯದೆ ಕೊಡಲಿ.

ವಾಚಕರಿಗೂ ಒಂದು ವಿನಂತಿ. ಮನೆಯಲ್ಲಿ ಮಂಕಾಗಿ ಕುಳಿತವರಿದ್ದರೆ ಬಯ್ಯಬೇಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ, ಇಲ್ಲವೆ 14416 ಸಂಖ್ಯೆಯ ಟೆಲಿ ಮಾನಸ್‌ಗೆ ದೂರವಾಣಿ ಮಾಡಿರಿ, ಅದು ಉಚಿತ. ಸಂಜೆ ಅವರ ಕೈಹಿಡಿದು ಊರ ಅಗಸೆಯವರೆಗೆ ನಡೆಯಿರಿ. ಹೋಗೆಂದು ಅಟ್ಟಬೇಡಿರಿ, ಬಾ ಎಂದು ಕರೆಯಿರಿ.