ನಾಳೆಯೋ, ನಾಡಿದ್ದೋ?

ಸಾನ್‌ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬೆಂಗಳೂರಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನವು ಪ್ರಥಮಬಾರಿ ಹಾರಿದ್ದು 2021ನೆಯ ಇಸವಿಯ ಜನವರಿಯಲ್ಲಿ. ಅದನ್ನು ನಡೆಯಿಸಿದ ಚಾಲಕರೆಲ್ಲರೂ ಸ್ತ್ರೀಯರು. ಅವರ ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್ವಾಲ್. 9ನೆಯ ತಾರೀಖಿನ ರಾತ್ರಿ ಅಲ್ಲಿಂದ ಹೊರಟು, ಉತ್ತರಧ್ರುವ ಪ್ರದೇಶವನ್ನು ಹಾದು, 11ರ ನಸುಕಿನಲ್ಲಿ ಇಲ್ಲಿಗೆ ಇಳಿದರು. ದೂರವು ಸುಮಾರು 14,000 ಕಿಲೋಮೀಟರು; ಕಾಲವು ಸುಮಾರು 17 ತಾಸು.

ಧ್ರುವದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾವಿಕರ ನಕ್ಷೆಯ ಮೇಲೆ ಪಟ್ಟಿಯನ್ನಿಟ್ಟು ಈ ಎರಡು ಊರುಗಳ ನಡುವೆ ಶಾಂತಸಾಗರದ ಮೇಲಿಂದ ಗೆರೆಯೆಳೆದರೆ ಅದೇ ನೆಟ್ಟಗಿನ ದಾರಿಯೆಂದು ತೋರುವದು. ನಾವು ಗಣಿಸಿ ನೋಡಲಾಗಿ ಆ ದಾರಿಯು 16,000 ಕಿಲೋಮೀಟರಿಗೂ ಮಿಗಿಲಾಯಿತು! ನಕ್ಷೆಯು ಹಾಳೆ, ಭೂಮಿಯು ಗೋಲ. ಎರಡು ಊರುಗಳ ರೇಖಾಂಶಗಳ ಅಂತರವು ಸುಮಾರು 160 ಅಂಶ. ಆದುದರಿಂದ ಗೋಲದ ಮೇಲೆ ದಾರವನ್ನು ಬಿಗಿಹಿಡಿದರೆ ಅದು ತಾನಾಗಿಯೇ ನೆತ್ತಿಯ ಕಡೆಗೆ ಸರಿಯುವದು.

ಲಂಕೆಯಲ್ಲಿ ಸೂರ್ಯೋದಯವಾಗುವಾಗ ಸಿದ್ಧಪುರದಲ್ಲಿ ಅಸ್ತಮಯವೆಂದು ಆರ್ಯಭಟನು ಹೇಳಿರುವನು. (ಲಂಕೆಯಿಂದ ಉಜ್ಜಯಿನಿಗೆ ಹೋಗುವ ಆ ಮಧ್ಯರೇಖೆಯು ನಮ್ಮ ಹವಳಗಾಕ್ಕೆ ಬಹಳ ದೂರವಲ್ಲ.) ಇದನ್ನು ಬಾಯಿಪಾಠ ಮಾಡಿದವರುಂಟು, ಮನೆಯ ಲೆಕ್ಕಕ್ಕೆ ಹಚ್ಚಿದವರು ವಿರಳ.

ಅನಂತರದ ಒಂದು ಚಳಿಗಾಲದಲ್ಲಿ ಹವಳಗಾದ ಒಂದು ಮನೆಯ ಯಜಮಾನರು ನಸುಕಿನಲ್ಲಿ ತೀರಿಕೊಂಡರು. ಒಬ್ಬನೇ ಮಗನು ಸಾನ್‌ಫ್ರಾನ್ಸಿಸ್ಕೋದಲ್ಲಿದ್ದನು. ಸುದ್ದಿ ಮುಟ್ಟಿದಾಗ ಅಲ್ಲಿ ಹಿಂದಿನ ದಿನದ ಮಧ್ಯಾಹ್ನ. "ಈ ರಾತ್ರಿಯೇ ಹೊರಡುವೆ, ನಾಡಿದ್ದು ನಸುಕಿನಲ್ಲಿ ಬೆಂಗಳೂರು" ಎಂದು ಅಳುತ್ತ ಹೇಳಿದನು. ಹಿರಿಯರು ಬೆರಳೆಣಿಸಿದರು: ಇಂದು, ನಾಳೆ, ನಾಡಿದ್ದು, ಬೆಂಗಳೂರಿನಿಂದ ಮತ್ತೆ ಆರುನೂರು ಕಿಲೋಮೀಟರು. ಅಷ್ಟು ಹೊತ್ತು ದೇಹವನ್ನು ಇರಿಸಲಾಗದೆಂದು ಅಂದೇ ಸಂಜೆ ಮಣ್ಣು ಕೊಟ್ಟರು.

ಮಗನು ಮರುದಿನ ಮಧ್ಯಾಹ್ನವೇ ಬಾಗಿಲಿಗೆ ಬಂದನು. ಅವನ ನಾಡಿದ್ದು ಹವಳಗಾದ ನಾಳೆಯಾಗಿತ್ತು. ಅವನ ವಿಮಾನವು ರಾತ್ರಿ ಎಂಟೂವರೆಗೆ ನೆಲ ಬಿಟ್ಟಾಗ ಇಲ್ಲಿ ಬೆಳಗಿನ ಹತ್ತು ಗಂಟೆ. ದೇಹವು ಇನ್ನೂ ಪಡಸಾಲೆಯಲ್ಲಿತ್ತು. ಅವರು ಕಾಯಬೇಕಾದುದು ಒಂದೇ ರಾತ್ರಿ. ಹಿರಿಯರನ್ನು ನಾವು ದೂಷಿಸಲಾರೆವು; ಮಗನನ್ನಂತೂ ಅಲ್ಲವೇ ಅಲ್ಲ. ತಾಯಿಯು ಮಾತ್ರ "ಒಂದೇ ರಾತ್ರಿಯಾಗಿತ್ತಲ್ಲ" ಎಂದು ಬಂದವರೆದುರು ಇಂದಿಗೂ ಹೇಳುತ್ತಿರುವರು.

ಆದಕಾರಣ ಮಕ್ಕಳು ದೂರದೇಶದಲ್ಲಿರುವ ಮನೆಗಳವರು "ಯಾವ ದಿನ ಬರುವೆ?" ಎಂದು ಕೇಳದೆ, "ಇನ್ನೆಷ್ಟು ತಾಸಿಗೆ ಬರುವೆ?" ಎಂದು ಕೇಳತಕ್ಕದ್ದು. ಸಾನ್‌ಫ್ರಾನ್ಸಿಸ್ಕೋದ ವೇಳೆಗೆ ಚಳಿಗಾಲದಲ್ಲಿ ಹದಿಮೂರೂವರೆ ತಾಸು ಕೂಡಿಸಿದರೆ ನಮ್ಮ ವೇಳೆ ಸಿಕ್ಕುವದು. ಮಾರ್ಚ್ ತಿಂಗಳ ಎರಡನೆಯ ಆದಿತ್ಯವಾರದಿಂದ ನವೆಂಬರಿನ ಮೊದಲನೆಯ ಆದಿತ್ಯವಾರದವರೆಗೆ ಅವರು ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸಿಕೊಳ್ಳುವರು. ಆಗ ಕೂಡಿಸಬೇಕಾದುದು ಹನ್ನೆರಡೂವರೆ.