ಬೂಟು ಬಿಚ್ಚಿಟ್ಟಾವನ ಎದುರಿಗೆ ನಿಂತಾವ

ನಮ್ಮ ಮನಿ ಮಂದಿ ವಾಟ್ಸಾಪ್ ಗ್ರುಪ್ಪಿನ್ಯಾಗ ಒಂದು ವಿಡಿಯೋ ಸುತ್ತಾಡಲಿಕ್ಕೆ ಹತ್ತದ, ನೀವೂ ನೋಡಿರಬೇಕು. ಒಬ್ಬ ದೈತ್ಯನಂಥಾ ಪೈಲ್ವಾನ ಕುಸ್ತಿ ಗೆದ್ದು, ಅಂಕಣದ ನಟ್ಟನಡುವ ಕೂತು, ಕಾಲಾಗಿನ ಬೂಟು ಬಿಚ್ಚಿ ಅಲ್ಲೇ ಇಟ್ಟು ಎದ್ದು ಹೋಗ್ತಾನ. ಅದರ ಕೆಳಗ, ಬಿಡೋದಂದ್ರ ಹಿಂಗ ಬಿಡಬೇಕು ಅಂತ ಯಾರೋ ಬರದಾರ. ನಮ್ಮ ನೆಗೆಣ್ಣಿ ಅದಕ್ಕ ಸಾಲಾಗಿ ಕೈ ಮುಗಿಯೋ ಚಿತ್ರ ಹಾಕಿದ್ಳು. "ಮನ್ಯಾಗಿನ ಹಿರಿಯರು ಇವನ್ನ ನೋಡಿ ಕಲೀಬೇಕು" ಅಂತ ಒಬ್ಬಾಕಿ ಸೊಸಿ ಬರದ್ಳು. ಅದಕ್ಕ ಮಾತ್ರ ಹಿರಿಯರು ಯಾರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಆದ್ರ ತಲಿಯೊಳಗಿಂದ ಅದು ಹೋಗಲಿಲ್ಲ. ಮಧ್ಯಾಹ್ನ ಅಡಗಿಮನಿ ಒರಸಿ ಆದ ಮ್ಯಾಲೆ ಆ ಪೈಲ್ವಾನನ ಬಗ್ಗೆ ಹುಡುಕಿ ಹುಡುಕಿ ಓದಿದೆ. ಓದಿದ ಮ್ಯಾಲೆ ನಂಗ ಅನಿಸಿದ್ದು, ನಾವೆಲ್ಲಾ ಆ ವಿಡಿಯೋದಾಗ ಒಬ್ಬನ್ನ ನೋಡಿ ಇನ್ನೊಬ್ಬನ್ನ ಬಿಟ್ಟ ಬಿಟ್ಟೇವಿ.

ಮೊದಲ ಅಂವ ಯಾರು ಅಂತ ಹೇಳ್ತೇನಿ. ಹೆಸರು ಮಿಹಾಯಿನ್ ಲೋಪೆಜ್. ಕ್ಯೂಬಾ ದೇಶದಾಂವ. ತಂಬಾಕಿಗೆ ಹೆಸರಾದ ಪಿನಾರ್ ದೆಲ್ ರಿಯೋ ಸೀಮಿಯೊಳಗ ಎರ್ರಾದುರಾ ಅನ್ನೋ ಸಣ್ಣ ಊರಾಗ 1982ರಾಗ ಹುಟ್ಟಿದಾಂವ. ಅವರ ಮನಿತನನ ಗಟ್ಟಿ ಮೈಯವರದು. ಅಣ್ಣ ಮಿಚೆಲ್ 2004ರ ಅಥೆನ್ಸ್ ಒಲಿಂಪಿಕ್ಸಿನ್ಯಾಗ ಬಾಕ್ಸಿಂಗ್ ಆಡಿ ಕಂಚು ತಂದ. ಅದ ಒಲಿಂಪಿಕ್ಸಿಗೆ ಮಿಹಾಯಿನ್ನೂ ಹೋಗಿದ್ದ, ಆದ್ರ ಐದನೇ ಸ್ಥಾನ ಬಂತು, ಪದಕ ಬರಲಿಲ್ಲ. ಅಂವ ಒಲಿಂಪಿಕ್ಸಿನಿಂದ ಬರಿಗೈಲೆ ಬಂದಿದ್ದು ಅದೊಂದ ಸಲ.

2008ರಾಗ ಬೀಜಿಂಗ್, ಬಂಗಾರ. ಅಥೆನ್ಸಿನ್ಯಾಗ ಗೆದ್ದಿದ್ದ ರಷ್ಯಾದ ಬಾರೋಯೆವ್‌ನ್ನ ಫೈನಲ್ಲಿನ್ಯಾಗ ಕೆಡವಿದ. 2012ರಾಗ ಲಂಡನ್, ಬಂಗಾರ. 2016ರಾಗ ರಿಯೋ, ಬಂಗಾರ, ಟರ್ಕಿಯ ಕಾಯಾಲ್ಪ್‌ಗ ಒಂದೂ ಪಾಯಿಂಟ್ ಕೊಡದ 6-0. ಕೊರೋನಾ ಸಲುವಾಗಿ ಒಂದು ವರ್ಷ ತಡಾ ಆದ ಟೋಕಿಯೋ ಒಲಿಂಪಿಕ್ಸಿನ್ಯಾಗೂ ಬಂಗಾರ. ಅಲ್ಲೆ ಮೊದಲನೇ ಕುಸ್ತಿಯಿಂದ ಕಡೀ ಕುಸ್ತಿ ತನಕಾ ಯಾರಿಗೂ ಒಂದು ಪಾಯಿಂಟ್ ಬಿಟ್ಟು ಕೊಡಲಿಲ್ಲ. ಆಮ್ಯಾಲೆ 2024ರ ಪ್ಯಾರಿಸ್, ಐದನೇ ಬಂಗಾರ. ಒಂದ ಆಟದಾಗ, ಒಬ್ಬಂಟಿಯಾಗಿ, ಸತತ ಐದು ಒಲಿಂಪಿಕ್ಸ್ ಗೆದ್ದಾವರು ಅವನಿಗಿಂತ ಮೊದಲ ಯಾರೂ ಇರಲಿಲ್ಲ. ಕಾರ್ಲ್ ಲೂಯಿಸ್, ಮೈಕೆಲ್ ಫೆಲ್ಪ್ಸ್ ಅಂಥಾವರೂ ಒಂದು ಸ್ಪರ್ಧೆದಾಗ ನಾಲ್ಕಕ್ಕ ನಿಂತಾರ. ಇದರ ಜೊತಿಗೆ ವಿಶ್ವ ಚಾಂಪಿಯನ್ ಪಟ್ಟನೂ ಐದು ಸಲ.

ಈ ಕುಸ್ತಿಗೆ ಗ್ರೀಕೋ ರೋಮನ್ ಅಂತಾರ. ನಮ್ಮ ಜಾತ್ರ್ಯಾಗ ಆಡೋ ಕುಸ್ತಿ ಹಂಗಲ್ಲ ಇದು. ಸೊಂಟದ ಕೆಳಗ ಕೈ ಹಾಕೋ ಹಂಗಿಲ್ಲ, ಕಾಲು ಹಿಡಿಯೋ ಹಂಗಿಲ್ಲ, ಕಾಲು ಕೊಟ್ಟು ಬೀಳಸೋ ಹಂಗೂ ಇಲ್ಲ. ಎಲ್ಲಾ ತೋಳು, ಎದಿ, ಬೆನ್ನಿನ ಜೋರಿನ ಮ್ಯಾಲೇನ. ಮೂರು ಮೂರು ನಿಮಿಷದ್ದು ಎರಡು ಸುತ್ತು. ಸುಮ್ಮನ ನಿಂತು ಹೊತ್ತು ಕಳದ್ರ ಎದುರಿನಾಂವಗ ಪಾಯಿಂಟ್ ಹೋಗ್ತದ, ಇವಂಗ ಬೋರಲ ಬೀಳಲಿಕ್ಕೆ ಹಚ್ತಾರ. ಆವಾಗ ಎದುರಿನಾಂವ ಸೊಂಟಕ್ಕ ತೋಳು ಸುತ್ತಿ ಉಳ್ಳಸ್ತಾನ. ಲೋಪೆಜ್‌ನ ತೋಳಾಗ ಸಿಕ್ಕಾಂವ ಹಿಟ್ಟಿನ ಮುದ್ದಿ ಹಂಗ ಉಳ್ಳತಿದ್ದ. 120 ಕಿಲೋ, ಆಮ್ಯಾಲೆ 130 ಕಿಲೋ ತೂಕದಾವರು, ಅವರು! ಒಲಿಂಪಿಕ್ಸಿನ್ಯಾಗ ಈ ಥರದ ಕುಸ್ತಿ ಹೆಂಗಸರಿಗೆ ಇಲ್ಲ, ನಮ್ಮ ಸಾಕ್ಷಿ ಮಲಿಕ್, ವಿನೇಶ್ ಫೋಗಾಟ್ ಆಡಿದ್ದು ಫ್ರೀಸ್ಟೈಲ್.

ವಿನೇಶ್ ಅಂದ ಕೂಡ್ಲೆ ನೆನಪಾತು ನೋಡ್ರಿ. ಲೋಪೆಜ್ ಬೂಟು ಬಿಚ್ಚಿಟ್ಟಿದ್ದು 2024ರ ಆಗಸ್ಟ್ 6ಕ್ಕ. ಅದ ದಿನ, ಅದ ಅಂಕಣದಾಗ ವಿನೇಶ್ ಮೂರು ಕುಸ್ತಿ ಗೆದ್ದು ಫೈನಲ್ಲಿಗೆ ಬಂದಿದ್ಳು, ಸೆಮಿಫೈನಲ್ಲಿನ್ಯಾಗ ಅಕಿ ಸೋಲಿಸಿದ್ದು ಕ್ಯೂಬಾದ ಹುಡುಗಿನ್ನ. ಮರುದಿನ ನೂರು ಗ್ರಾಂ ಹೆಚ್ಚಾತು ಅಂತ ಅಕಿನ್ನ ಹೊರಗ ಹಾಕಿದ್ರು. ನಾವೆಲ್ಲಾ ಆ ಸಂಕಟದಾಗ ಇದ್ವಿ, ಬ್ಯಾರೆಯವರ ಬೂಟು ನೋಡೋ ಮನಸ್ಸು ಯಾರಿಗಿತ್ತು? ಈಗ ತಿರುಗಿ ಬಂದದ.

ಈಗ ನಾ ಹೇಳಬೇಕಂದಿದ್ದು. ಆ ಕಡೀ ಕುಸ್ತಿದಾಗ ಲೋಪೆಜ್‌ನ ಎದುರಿಗೆ ನಿಂತಾಂವ ಯಾರು? ಹೆಸರು ಯಾಸ್ಮಾನಿ ಅಕೋಸ್ತಾ. ಅಂಗಿ ಮ್ಯಾಲೆ ಚಿಲಿ ದೇಶದ ಹೆಸರಿತ್ತು, ಆದ್ರ ಅಂವ ಹುಟ್ಟಿದ್ದು ಕ್ಯೂಬಾದಾಗ. ಬರೇ ಹುಟ್ಟಿದ್ದಲ್ಲ, ಲೋಪೆಜ್‌ನ ಜೊತಿಗೇನ ತಾಲೀಮು ಮಾಡಿದಾಂವ, ಅದ ತೂಕದಾಂವ. ಒಲಿಂಪಿಕ್ಸಿಗೆ ಒಂದು ನಿಯಮ ಅದ, ಒಂದು ದೇಶದಿಂದ ಒಂದು ತೂಕಕ್ಕ ಒಬ್ಬನ. ಎಷ್ಟ ಛಲೋ ಆಡಿದ್ರೂ ಎರಡನೇದಾಂವ ಮನ್ಯಾಗ. ಲೋಪೆಜ್ ಇರೋ ತನಕಾ ಕ್ಯೂಬಾದಾಗ ಆ ತೂಕದ ಬ್ಯಾರೆ ಯಾರಿಗೂ ಬಾಗಲಾ ತೆರೀಲಿಲ್ಲ. 2008, 2012, 2016, 2020, 2024. ಇದು ಅವಂಗ ಐದು ಪದಕದ ಪಟ್ಟಿ. ಅವನ ಹಿಂದ ನಿಂತಾವರಿಗೆ ಇದು ಕಾಯ್ದು ಕಾಯ್ದು ಹೋದ ಹದಿನಾರು ವರ್ಷ.

2015ರಾಗ ಒಂದು ಪಂದ್ಯಾವಳಿಗೆ ಅಂತ ಚಿಲಿಗೆ ಹೋದ ಅಕೋಸ್ತಾ ಊರಿಗೆ ತಿರುಗಿ ಬರಲಿಲ್ಲ, ಅಲ್ಲೇ ಉಳಕೊಂಡ. ಕುಸ್ತಿಗೆ ಕ್ಯೂಬಾದಷ್ಟು ಹೆಸರಿಲ್ಲದ ದೇಶ ಅದು. ಅಲ್ಲೆ ನಿಂತು 2017ರಾಗ ವಿಶ್ವ ಚಾಂಪಿಯನ್‌ಶಿಪ್ಪಿನ್ಯಾಗ ಕಂಚು ತಂದ. ಟೋಕಿಯೋಕ್ಕ ಹೋದ, ಐದನೇ ಸ್ಥಾನ ಬಂತು. ಲೋಪೆಜ್‌ಗ ಅಥೆನ್ಸಿನ್ಯಾಗ ಬಂದಿತ್ತಲ್ಲಾ, ಹಂಗ. ಆದ್ರ ಲೋಪೆಜ್‌ಗ ಐದನೇ ಸ್ಥಾನ ಬಂದಾಗ ಇಪ್ಪತ್ತೆರಡು ವರ್ಷ, ಅಕೋಸ್ತಾಗ ಮೂವತ್ತು ದಾಟಿತ್ತು. ಕಡೀಕ ಪ್ಯಾರಿಸ್ಸಿನ್ಯಾಗ ಫೈನಲ್ ಮುಟ್ಟಿದ. ಮುಟ್ಟಿದ್ರ ಎದುರಿಗೆ ಯಾರು? ಅಂವನ!

ಬ್ಯಾಸರಾ ಆಗ್ತದೋ ಇಲ್ಲೋ ನೀವ ಹೇಳ್ರಿ. ಊರು ಬಿಟ್ಟ, ದೇಶ ಬಿಟ್ಟ, ಬ್ಯಾರೆ ಬಾಗಲಿಂದ ಸುತ್ತು ಹಾಕಿ ಒಳಗ ಬಂದ, ಬಂದ್ರ ಅಲ್ಲೂ ಅದ ಆಲದ ಮರ. 6-0ಯಿಂದ ಸೋತ. ಚಿಲಿಗೆ ಕುಸ್ತಿದಾಗ ಅದ ಮೊದಲನೇ ಒಲಿಂಪಿಕ್ ಪದಕ, ಬೆಳ್ಳಿ. ಸೋತ ಮ್ಯಾಲೆ ಇಬ್ಬರೂ ಅಪ್ಪಿಕೊಂಡ್ರು. ಆಮ್ಯಾಲೆ ಜಗತ್ತೆಲ್ಲಾ ಆ ಬೂಟು ನೋಡ್ತು.

ಲೋಪೆಜ್‌ದು ತಪ್ಪು ಅಂತ ನಾ ಹೇಳೂದಿಲ್ಲ. ಅಂವ ಯಾರ ಹಕ್ಕೂ ಕಸಗೊಳ್ಳಲಿಲ್ಲ, ಗೆದ್ದ ಗೆದ್ದ ಅಲ್ಲೆ ನಿಂತಾನ. ಟೋಕಿಯೋ ಆದ ಮ್ಯಾಲೆ ಮೂರು ವರ್ಷ ದೊಡ್ಡ ಕುಸ್ತಿಗೆ ಇಳದಿರಲಿಲ್ಲ, ನಾಲ್ವತ್ತೆರಡು ತುಂಬಲಿಕ್ಕೆ ಎರಡು ವಾರ ಉಳದಿತ್ತು, ಆದ್ರೂ ಪ್ಯಾರಿಸ್ಸಿನ್ಯಾಗ ಹಿಂದಿನ ವರ್ಷದ ವಿಶ್ವ ಚಾಂಪಿಯನ್, ಇರಾನಿನ ಮಿರ್ಜಾಜಾದೆನ್ನ 3-1ರಿಂದ ಸೋಲಿಸಿದ. ಆ ಹುಡುಗ ಇವನಿಗಿಂತ ಹದಿನೈದು ವರ್ಷ ಸಣ್ಣಾಂವ. ಅಂಥಾವಂಗ ನೀ ಜಾಗಾ ಬಿಡು ಅಂತ ಯಾವ ಬಾಯಿಲೆ ಹೇಳೂದು? ಇದ ತೂಕದಾಗ ರಷ್ಯಾದ ಕರೇಲಿನ್ ಅಂತ ಇದ್ದ, 1988, 1992, 1996 ಮೂರೂ ಸಲ ಬಂಗಾರ ಗೆದ್ದು 2000ದ ಸಿಡ್ನಿ ಫೈನಲ್ಲಿನ್ಯಾಗ ಅಮೆರಿಕದ ರೂಲನ್ ಗಾರ್ಡನರ್‌ಗ 1-0ಯಿಂದ ಸೋತ. ಅಂಥಾ ಕರೇಲಿನ್‌ಗೂ ಸೋತ ಹೋಗೋದು ಬಂತು, ಇವಂಗ ಬರಲಿಲ್ಲ. ದೊಡ್ಡಾಂವ ಅಂದ್ರ ದೊಡ್ಡಾಂವನ.

ನನ್ನ ತಕರಾರು ಇರೋದು ನಮ್ಮ ಕೈ ಮುಗಿಯೋದರ ಮ್ಯಾಲೆ. ಬೂಟು ಬಿಚ್ಚಿಡೋದು ಪೈಲ್ವಾನರೊಳಗ ಮೊದಲಿಂದ ಬಂದ ಪದ್ಧತಿ, ಇನ್ನ ಮ್ಯಾಲೆ ಆಡೂದಿಲ್ಲ ಅಂತ ಅದರರ್ಥ. ಕರೇಲಿನ್‌ನ ಸೋಲಿಸಿದ್ದ ಗಾರ್ಡನರ್‌ನೂ 2004ರಾಗ ಕಂಚು ಗೆದ್ದು ಹಿಂಗ ಬಿಚ್ಚಿಟ್ಟು ಹೋದ. ನಾವು ಅದನ್ನ ತ್ಯಾಗ ಅಂತ ಕರದ್ವಿ. ಯಾವ ತ್ಯಾಗ? ಲೋಪೆಜ್‌ಗ ಬರಬೇಕಾಗಿದ್ದೆಲ್ಲಾ ಬಂದು ಆಗಿತ್ತು. ಊಟಾ ಮುಗದ ಮ್ಯಾಲೆ ಎಲಿ ಮುಂದಿಂದ ಏಳೂದು ಉಪವಾಸ ಅಲ್ಲ. ಬಿಟ್ಟಿದ್ದು ಏನರೆ ಇದ್ರ ಅಕೋಸ್ತಾ ಬಿಟ್ಟಾನ. ಊರು ಬಿಟ್ಟಾನ, ಭಾಷಾ ಒಂದ ಇದ್ರೂ ನೆಲಾ ಬ್ಯಾರೆ ಇದ್ದ ಜಾಗಾದಾಗ ಇಪ್ಪತ್ತೇಳನೇ ವಯಸ್ಸಿಗೆ ಹೊಸದಾಗಿ ಶುರು ಮಾಡ್ಯಾನ, ಮೂವತ್ತಾರಕ್ಕ ಒಂದು ಬೆಳ್ಳಿ ಕಂಡಾನ. ಅವಂದು ಬೂಟು ಬಿಚ್ಚೋ ವಿಡಿಯೋ ಇಲ್ಲ.

ಇಷ್ಟ್ಯಾಕ ಅಂವ ನಂಗ ಕಾಡಿದ ಅಂತ ಕೇಳ್ತೀರಿ. ಹೇಳ್ತೇನಿ, ನಗಬ್ಯಾಡ್ರಿ.

ನಮ್ಮ ಮನ್ಯಾಗ ಹೋಳಿಗಿ ಅಂದ್ರ ನಾನ. ಮೂವತ್ತು ವರ್ಷದಿಂದ ಹೂರಣಾ ಕುದಿಸೋದು, ರುಬ್ಬೋದು, ಕಣಕಾ ನಾದೋದು, ಲಟ್ಟಿಸೋದು, ಎಲ್ಲಾ ನಂದ ಕೈ. ಸೊಸಿ ಬಂದ ಮ್ಯಾಲೆ ಅಕಿ ಬಾಜೂಕ ನಿಂತು ಬೆಲ್ಲಾ ಕುಟ್ಟಿ ಕೊಡೋದು, ತುಪ್ಪಾ ಹಚ್ಚೋದು. ಲಟ್ಟಿಸ್ತೇನಿ ಅತ್ತಿ ಅಂದ್ರ "ಇರಲಿ ಬಿಡವಾ, ಹರೀತದ, ನಾ ಮಾಡ್ತೇನಿ" ಅಂತಿದ್ದೆ. ಬೈದದ್ದಿಲ್ಲ, ಜಗಳ ಇಲ್ಲ. ಪ್ರೀತಿಲೇನ ಅಂದದ್ದು. ಆರು ವರ್ಷ ಅಕಿ ತುಪ್ಪಾ ಹಚ್ಚಿದ್ಳು. ಆಮ್ಯಾಲೆ ಮಗಗ ಪುಣೆದಾಗ ನೌಕ್ರಿ ಆತು, ಹೋದ್ರು. ಹೋದ ವರ್ಷ ನಾ ಅಲ್ಲಿಗೆ ಹೋದಾಗ ಅಕಿ ಹೋಳಿಗಿ ಮಾಡಿ ಬಡಸಿದ್ಳು. ಎಷ್ಟ ತೆಳ್ಳಗ ಅಂದ್ರ, ನನ್ನ ಹೋಳಿಗಿ ಇಟ್ಟು ನೋಡಿದ್ರ ನಾನ ತಲಿ ತಗ್ಗಸಬೇಕು. ಯಾವಾಗ ಕಲತಿ ಅಂತ ಕೇಳಿದೆ. "ನಿಮ್ಮ ಬಾಜೂಕ ನಿಂತಾಗನ ಅತ್ತಿ" ಅಂದ್ಳು.

ಅಂದ್ರ ಅಕಿಗೆ ಆವಾಗ ಬರ್ತಿತ್ತು. ಅದನ್ನ ನೋಡಲಿಕ್ಕೆ ನಾ ಪುಣೆ ತನಕಾ ಹೋಗಬೇಕಾತು.

ಗ್ರುಪ್ಪಿನ್ಯಾಗ ಬರದ ಸೊಸಿಗೆ ನನ್ನ ಉತ್ತರ ಇದು, ಸ್ವಲ್ಪ ತಡಾ ಆತು. ಹಿರಿಯರು ಎಲ್ಲಾ ಬಿಟ್ಟು ಮೂಲ್ಯಾಗ ಕೂಡಬೇಕು ಅನ್ನೋದು ನಾ ಒಪ್ಪೂದಿಲ್ಲ. ಕೈಯಾಗ ಕಸುವು ಇರೋ ತನಕಾ ಮಾಡಬೇಕು, ಲೋಪೆಜ್ ಮಾಡ್ಯಾನ. ಒಲಿಂಪಿಕ್ಸಿನ್ಯಾಗ ಒಂದು ತೂಕಕ್ಕ ಒಬ್ಬನ ಅನ್ನೋ ನಿಯಮ ಅದ, ಅಲ್ಲೆ ಬ್ಯಾರೆ ದಾರಿ ಇಲ್ಲ. ಆದ್ರ ನಮ್ಮ ಅಡಗಿಮನಿಗೆ ಆ ನಿಯಮ ಯಾರು ಹಾಕ್ಯಾರ? ನಾವ ಹಾಕಿಕೊಂಡೇವಿ. ಇಲ್ಲೆ ಇಬ್ಬರೂ ಲಟ್ಟಿಸಬಹುದಲ್ಲಾ. ಕಡೀಕ ಒಂದ ಸಲ ಬೂಟು ಬಿಚ್ಚಿಟ್ಟು ಎಲ್ಲಾರ ಕಡೆ ಕೈ ಮುಗಿಸಿಕೊಳ್ಳೋದಕಿಂತ, ನಡುನಡುವ ಲಟ್ಟಣಿಗಿ ಬಾಜೂದಾಕಿ ಕೈಯಾಗ ಕೊಡೋದು ಛಲೋ. ಊರು ಬಿಟ್ಟು ಹೋಗಿ ತೋರಿಸೋ ಪಾಳಿ ಅಕಿಗೆ ಬರಬಾರದು.

ಈ ಯುಗಾದಿಗೆ ಅವರಿಬ್ಬರೂ ಬರ್ತಾರ. ಹೋಳಿಗಿ ನೀನ ಮಾಡು ಅಂತ ಫೋನಿನ್ಯಾಗ ಹೇಳೇನಿ. ಬ್ಯಾಳಿ ನೆನಿ ಹಾಕಿ, ಬೆಲ್ಲಾ ಕುಟ್ಟಿ ನಾ ಕೊಡ್ತೇನಿ, ತುಪ್ಪಾನೂ ನಾನ ಹಚ್ತೇನಿ. ಅಕಿ ಲಟ್ಟಿಸೋ ಮುಂದ ಬಾಯಿ ಮುಚ್ಚಿಕೊಂಡು ಕೂಡೋದು ಒಂದ ನಂಗ ಕಷ್ಟ. ನೀವು ಯಾರರೆ ಆ ಹೊತ್ತಿಗೆ ಬಂದ್ರ ನನ್ನ ಮಾತಾಡಿಸಿಕೋತ ಕೂಡ್ರಿ, ನಿಮಗೂ ಎರಡು ಹೋಳಿಗಿ ಸಿಗ್ತಾವ.